ತಾಯಿಮೀನುಗಳ ಎಣಿಕೆ

ಎಣಿಕೆ ಸರಿಯಾಗಿಯೇ ಇತ್ತು. ಆ ವಿಷಯದಲ್ಲಿ ಇವತ್ತಿಗೂ ಯಾರದೂ ತಕರಾರಿಲ್ಲ. ಲೆಕ್ಕದ ವರ್ಷ ಮುಗಿಯುವ ದಿನ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ, ಆ ಮೀನುಮರಿ ಕೇಂದ್ರದ ದೊಡ್ಡ ಕೊಳದಲ್ಲಿ ಇನ್ನೂರ ಹನ್ನೆರಡು ತಾಯಿಮೀನುಗಳು ಜೀವಂತವಾಗಿದ್ದವು. ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ.

ಎಣಿಸಿದವಳು ಮೂವತ್ತಮೂರು ವರ್ಷದ ಲೆಕ್ಕಪರಿಶೋಧಕಿ. ನಗರದ ಸಂಸ್ಥೆಯೊಂದರಿಂದ ಬಂದಿದ್ದ ಅವಳಿಗೆ ಇಲ್ಲಿನ ಕೆಲಸಗಾರರು ಮೊದಲ ದಿನವೇ ಹೆಸರಿಟ್ಟಿದ್ದರು: ಎದುರಿಗೆ ಮೇಡಂ, ಬೆನ್ನ ಹಿಂದೆ ಲೆಕ್ಕದಮ್ಮ. ಎಂಟು ವರ್ಷ ಅವಳು ಗೋದಾಮುಗಳಲ್ಲಿ ಸಿಮೆಂಟಿನ ಚೀಲ, ಹೆಂಚು, ತಂತಿಯ ಸುರುಳಿ ಎಣಿಸಿದ್ದಳು. ಕಾಗದದಲ್ಲಿ ಸಾವಿರ ಚೀಲ ಇದ್ದು, ಗೋಡೆಯಂತೆ ಪೇರಿಸಿದ ರಾಶಿಯ ಒಳಗೆ ಟೊಳ್ಳಿದ್ದದ್ದನ್ನು ಏಣಿ ಹತ್ತಿ ಕಂಡುಹಿಡಿದವಳು. ರಾತ್ರೋರಾತ್ರಿ ಚೀಲಗಳಿಗೆ ಕಾಲು ಬಂದು, ಪಕ್ಕದ ಗೋದಾಮಿನಿಂದ ಈ ಗೋದಾಮಿಗೆ ನಡೆದು ಬಂದು ಬೆಳಗ್ಗೆ ಲೆಕ್ಕ ಸರಿಹೋಗಿದ್ದನ್ನೂ ನೋಡಿದ್ದಳು. ಅಂದಿನಿಂದ ಅವಳದು ಒಂದೇ ಸೂತ್ರ. ಕಣ್ಣಾರೆ ಕಂಡದ್ದು ನಿಜ, ಉಳಿದದ್ದೆಲ್ಲ ಬಾಯಿಮಾತು. ಜೀವ ಇರುವ ಸರಕನ್ನು ಎಣಿಸಲು ಬಂದದ್ದು ಮಾತ್ರ ಇದೇ ಮೊದಲು.

ಕೇಂದ್ರದ ಕಚೇರಿ ಅಂದರೆ ತಗಡಿನ ಸೂರಿನ ಒಂದು ಕೋಣೆ. ಗಾಜು ಹಾಸಿದ ಮೇಜು, ನೀರಿನ ಪಸೆಗೆ ಉಬ್ಬಿದ ದಾಖಲೆ ಪುಸ್ತಕಗಳು, ಮೂಲೆಯಲ್ಲಿ ಒಂದು ತೂಕದ ಯಂತ್ರ. ಯಜಮಾನಿ ಐವತ್ತರ ಆಸುಪಾಸಿನವರು, ಮಾತು ಕತ್ತರಿಸಿದಂತೆ. ಗಂಡ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಕೇಂದ್ರದ ಅರ್ಧ ಪಾಲನ್ನು ಮೀನಿನ ಮೇವು ಮಾಡುವ ಒಂದು ಕಂಪನಿಗೆ ಮಾರಲು ಮಾತುಕತೆ ಮುಗಿದಿತ್ತು. ಕಂಪನಿಯದು ಒಂದೇ ಷರತ್ತು: ವರ್ಷದ ಕೊನೆಗೆ ತಾಯಿಮೀನು ಎಷ್ಟಿವೆ ಅನ್ನುವುದನ್ನು ಹೊರಗಿನವರು ಎಣಿಸಿ ಬರೆದುಕೊಡಬೇಕು. ಮರಿಯನ್ನು ಯಾರು ಬೇಕಾದರೂ ಮಾರಬಹುದು. ಮೊಟ್ಟೆ ಕೊಡುವ ಏಳು ಕಿಲೋ ಎಂಟು ಕಿಲೋ ತೂಗುವ ಹಳೆಯ ಗೆಂಡೆಗಳು ಇರುವುದರಿಂದಲೇ ಈ ಜಾಗಕ್ಕೆ ಬೆಲೆ.

ಲೆಕ್ಕದಮ್ಮ ಪುಸ್ತಕ ತೆರೆದಳು. ಮೂರು ವರ್ಷದ ಹಿಂದಿನ ಕೊನೆಯ ದಿನ: ತಾಯಿಮೀನು 212. ಎರಡು ವರ್ಷದ ಹಿಂದೆ: 212. ಕಳೆದ ವರ್ಷ: 212. ಬರಹ ಒಂದೇ, ಶಾಯಿ ಮಾತ್ರ ಬೇರೆ.

“ಇದನ್ನ ಬರೆಯೋದು ಯಾರು?”

“ನನ್ನ ಮೈದುನ,” ಅಂದರು ಯಜಮಾನಿ. ಬಾಗಿಲ ಕಡೆ ಒಮ್ಮೆ ನೋಡಿ ದನಿ ಇಳಿಸಿದರು. “ಕೊಳ ಎಲ್ಲ ಅವರ ಕೈಯಲ್ಲೇ. ನಾನು ದಡದ ಮೇಲೆ ನಿಂತು ನೋಡಿದರೆ ನೀರು ಕಾಣತ್ತೆ, ಅಷ್ಟೇ. ಮೀನು ನೀರು ಕುಡಿಯೋದು ಯಾರಿಗೆ ಕಾಣತ್ತೆ ಹೇಳಿ? ಪಕ್ಕದೂರಿನ ಮೀನುಮರಿ ಕೇಂದ್ರದವರ ಹತ್ತಿರ ಹೋದ ವರ್ಷದಿಂದ ದೊಡ್ಡ ದೊಡ್ಡ ತಾಯಿಮೀನು ಇವೆಯಂತೆ. ಎಲ್ಲಿಂದ ಬಂದವು? ಮೈದುನ ಅಂತ ನಾನು ಬಾಯಿಬಿಟ್ಟು ಕೇಳಕ್ಕಾಗಲ್ಲ. ನೀವು ಕೇಳಿ. ನಿಮ್ಮದು ಕೆಲಸ.”

ಮೈದುನನನ್ನು ಅಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಚಿಕ್ಕಪ್ಪ ಎಂದು. ಯಜಮಾನಿಯ ಮಗಳು ಚಿಕ್ಕವಳಿದ್ದಾಗ ಕೂಗುತ್ತಿದ್ದ ಹೆಸರು, ಹಾಗೇ ಕೆಲಸಗಾರರ ಬಾಯಿಗೂ ಹತ್ತಿತ್ತು. ಅರವತ್ತು ತುಂಬಲು ಎರಡು ವರ್ಷ ಬಾಕಿ. ಮದುವೆಯಾಗಿರಲಿಲ್ಲ. ಮಾತು ಎಷ್ಟು ಕಮ್ಮಿಯೆಂದರೆ, ‘ಚಿಕ್ಕಪ್ಪ ಬಾಯಿ ತೆಗೆದರೆ ಮಳೆ ಗ್ಯಾರಂಟಿ’ ಅನ್ನುವುದು ಅಲ್ಲಿನ ಜೋಕು. ಮೊಣಕಾಲಿಗೆ ಮಡಚಿದ ಪ್ಯಾಂಟಿನಲ್ಲಿ, ಕಾಲಿನ ಕೆಸರು ಒಣಗುವ ಮುಂಚೆಯೇ ಬಂದು ಬಾಗಿಲಲ್ಲಿ ನಿಂತರು.

“ಮೂರು ವರ್ಷದಲ್ಲಿ ಒಂದೂ ಸತ್ತಿಲ್ವಾ?” ಲೆಕ್ಕದಮ್ಮ ಕೇಳಿದಳು.

“ಸಾಯದೆ ಇರತ್ತಾ.”

“ಮತ್ತೆ ಹೇಗೆ ಪ್ರತಿ ವರ್ಷವೂ ಇನ್ನೂರ ಹನ್ನೆರಡೇ?”

“ಅದು ಅಷ್ಟೇ ಇರಬೇಕು.”

ಅವಳು ಪೆನ್ನು ಕೆಳಗಿಟ್ಟಳು. ‘ಇರಬೇಕು’ ಅನ್ನುವವರನ್ನು ಗೋದಾಮುಗಳಲ್ಲಿ ಬೇಕಾದಷ್ಟು ಕಂಡಿದ್ದಳು. ಇದೆ ಅನ್ನುವವನು ತೋರಿಸುತ್ತಾನೆ, ಇರಬೇಕು ಅನ್ನುವವನು ಕಾಗದ ತಿದ್ದುತ್ತಾನೆ. “ಇವತ್ತೇ ಎಣಿಸೋಣ,” ಅಂದಳು. “ಎಲ್ಲವನ್ನೂ. ಒಂದೊಂದಾಗಿ.”

ಚಿಕ್ಕಪ್ಪ ಕಿಟಕಿಯಾಚೆ ನೋಡಿದರು. ಹತ್ತೂವರೆಯ ಬಿಸಿಲು ತಗಡಿನ ಮೇಲೆ ಆಗಲೇ ಚಟಪಟ ಅನ್ನುತ್ತಿತ್ತು. “ಮೊಟ್ಟೆ ತುಂಬಿವೆ,” ಅಂದರು. ಸ್ವಲ್ಪ ಬಿಟ್ಟು, “ಬಿಸಿಲಿದೆ.” ಇನ್ನೂ ಸ್ವಲ್ಪ ಬಿಟ್ಟು, “ಚಕ್ರ ನಿಲ್ಲಿಸಬೇಕಾಗತ್ತೆ.”

ಚಕ್ರ ಅಂದರೆ ಕೊಳದ ಮಧ್ಯೆ ನೀರನ್ನು ಬಡಿದು ಗಾಳಿ ಬೆರೆಸುವ ಎರಡು ಕರೆಂಟಿನ ಚಕ್ರಗಳು. ಬಲೆ ಎಳೆಯುವಾಗ ಅವನ್ನು ನಿಲ್ಲಿಸಲೇಬೇಕು, ಇಲ್ಲದಿದ್ದರೆ ಬಲೆ ರೆಕ್ಕೆಗೆ ಸುತ್ತಿಕೊಂಡು ಎಳೆಯುವ ಆಳನ್ನೂ ಸೆಳೆದುಕೊಳ್ಳುತ್ತದೆ. ಚಿಕ್ಕಪ್ಪ ಹೇಳಿದ್ದು ಮೂರು ಸಂಗತಿ. ಲೆಕ್ಕದಮ್ಮ ಕೇಳಿಸಿಕೊಂಡದ್ದು ಮೂರು ನೆಪ.

“ನಾಳೆ ಬೆಳಗ್ಗೆ ಐದಕ್ಕೆ ಮಾಡೋಣ. ತಣ್ಣಗಿರತ್ತೆ,” ಅಂದರು ಚಿಕ್ಕಪ್ಪ. ಅವರ ಮಟ್ಟಿಗೆ ಅದು ಭಾಷಣವೇ.

“ನಾಳೆ ಅಂದ್ರೆ ಮುಂದಿನ ವರ್ಷ,” ಅಂದಳು ಲೆಕ್ಕದಮ್ಮ.

ಯಜಮಾನಿ ಇಬ್ಬರ ಮುಖವನ್ನೂ ನೋಡಿದರು. “ಬಲೆಯವರನ್ನ ಕರೆಸಿ,” ಅಂದರು ಮೈದುನನಿಗೆ.

ಬಲೆಯವರು ಆರು ಜನ. ಅವರ ಮೇಸ್ತ್ರಿ ಹೊಟ್ಟೆ ಮುಂದಿಟ್ಟುಕೊಂಡು ನಡೆಯುವ, ಬಾಯಿ ಸುಮ್ಮನಿರದ ಆಸಾಮಿ. ಆಚೆಯ ಸಣ್ಣ ಕೊಳದಲ್ಲಿ ಮರಿ ಹಿಡಿಯುತ್ತಿದ್ದವರು ಬಲೆ ತೊಳೆದು ಬರಲು ಮುಕ್ಕಾಲು ಗಂಟೆ ಹಿಡಿಯಿತು. ಜಗಲಿಯಲ್ಲಿ ಕಾಯುತ್ತಾ ಲೆಕ್ಕದಮ್ಮ ಹಾಳೆಯ ಮೇಲೆ ಗೆರೆ ಎಳೆಯುತ್ತಿದ್ದಳು. ಮೇಲೆ ದಪ್ಪ ಅಕ್ಷರದಲ್ಲಿ ‘ಜೈವಿಕ ಆಸ್ತಿಗಳು’ ಎಂದಿತ್ತು. ಮೇಸ್ತ್ರಿ ಬಗ್ಗಿ ಓದಿದ.

“ಇದ್ಯಾವ ಆಸ್ತಿ ಮೇಡಂ? ನಮ್ಮಪ್ಪ ಸತ್ತಾಗ ನಾಲ್ಕು ಜನ ಅಣ್ಣತಮ್ಮಂದಿರು ಹೊಡೆದಾಡಿದ್ವಿ, ಆಗ ಈ ಹೆಸರು ಬರಲೇ ಇಲ್ಲ.”

ಅವಳಿಗೆ ನಗು ಬಂತು. “ಜೀವ ಇರೋ ಆಸ್ತಿ. ಬೆಳೆಸಿ, ಮರಿ ಮಾಡಿಸಿ, ಅದರಿಂದ ಉತ್ಪತ್ತಿ ತೆಗೆಯೋಕೆ ಅಂತ ಸಾಕೋ ಪ್ರಾಣಿ, ಬೆಳೆಸೋ ಗಿಡ. ನಿಮ್ಮ ತಾಯಿಮೀನು, ಅದರ ಮರಿ, ಎರಡೂ ಜೈವಿಕ ಆಸ್ತಿ. ಮರಿ ಮಾರೋದಕ್ಕೆ, ತಾಯಿ ಇಟ್ಟುಕೊಳ್ಳೋದಕ್ಕೆ. ಹಿಡಿದು ಕೊಯ್ದು ಐಸಿನಲ್ಲಿಟ್ಟರೆ ಅದು ಜೈವಿಕ ಆಸ್ತಿಯಲ್ಲ, ಸರಕು.”

“ಬಲೆ?”

“ಬಲೆ, ಪಂಪು, ಚಕ್ರ ಎಲ್ಲ ಸ್ಥಿರಾಸ್ತಿ. ವರ್ಷ ವರ್ಷ ಸವೆದು ಬೆಲೆ ಇಳಿಯತ್ತೆ.”

“ಗೇಟಿನ ಹತ್ತಿರ ನಾಯಿ ಇದೆಯಲ್ಲ, ಅದಕ್ಕೂ ಜೀವ ಇದೆ.”

“ಅದನ್ನ ಕಾವಲಿಗೆ ಇಟ್ಟಿದ್ದೀರಿ, ಮರಿ ಮಾರೋಕಲ್ಲ. ಹಾಗಾಗಿ ಅದು ಈ ಪಟ್ಟಿಗೆ ಬರಲ್ಲ. ಬರೆಯಲೇಬೇಕು ಅಂದ್ರೆ ಯಂತ್ರದ ಸಾಲಲ್ಲಿ ಬರೀಬೇಕು.”

“ಕೇಳ್ರೋ!” ಮೇಸ್ತ್ರಿ ತನ್ನವರ ಕಡೆ ತಿರುಗಿದ. “ನಾಯಿ ಪಂಪಿನ ಜಾತಿಯಂತೆ! ನಾಳೆಯಿಂದ ಅದಕ್ಕೆ ಅನ್ನ ಬೇಡ, ಗ್ರೀಸ್ ಹಾಕಿ.” ನಗು ಅಡಗಿದ ಮೇಲೆ ಎದೆ ತಟ್ಟಿಕೊಂಡ. “ಹೋಗಲಿ, ನಾನು ಯಾವ ಆಸ್ತಿ?”

“ನೀವು ಆಸ್ತಿಯಲ್ಲ. ಸಂಬಳ ತಗೋತೀರಲ್ಲ, ನೀವು ಖರ್ಚು.”

“ನನ್ನ ಹೆಂಡತಿ ಹತ್ತು ವರ್ಷದಿಂದ ಇದನ್ನೇ ಹೇಳ್ತಿದ್ದಾಳೆ ಮೇಡಂ, ಅದೂ ಫೀಸಿಲ್ಲದೆ!”

ಚಿಕ್ಕಪ್ಪ ಕಂಬಕ್ಕೆ ಒರಗಿ ನಿಂತಿದ್ದರು. ಎಲ್ಲರೂ ನಗುತ್ತಿರುವಾಗ ಅವರು ಕೇಳಿದರು, “ಹೊಟ್ಟೆಯಲ್ಲಿರೋ ಮೊಟ್ಟೆ?”

ಒಳ್ಳೆಯ ಪ್ರಶ್ನೆ, ಅನ್ನಿಸಿತು ಲೆಕ್ಕದಮ್ಮನಿಗೆ. “ಹೊಟ್ಟೆಯಲ್ಲಿ ಇರೋವರೆಗೂ ಅದಕ್ಕೆ ಬೇರೆ ಲೆಕ್ಕ ಇಲ್ಲ. ತಾಯಿಯ ಜೊತೆಗೇ ಅದೂ ಸೇರಿರತ್ತೆ. ಹೊರಗೆ ಬಂದ ಮೇಲೆ ಎಣಿಸ್ತೀವಿ.”

“ಒಂದೊಂದರಲ್ಲಿ ಲಕ್ಷಗಟ್ಟಲೆ ಇದೆ, ಈಗ,” ಅಂದರು ಚಿಕ್ಕಪ್ಪ.

ಅದು ಮೀನು ಎತ್ತಬೇಡಿ ಅನ್ನುವ ಕೋರಿಕೆ ಎಂದು ಅವಳಿಗೆ ಹೊಳೆಯಲಿಲ್ಲ. ‘ಒಡಲಿನ ಮೊಟ್ಟೆ, ಪ್ರತ್ಯೇಕ ಲೆಕ್ಕವಿಲ್ಲ’ ಎಂದು ಅಂಚಿನಲ್ಲಿ ಟಿಪ್ಪಣಿ ಬರೆದುಕೊಂಡಳು.

ಹನ್ನೊಂದು ಇಪ್ಪತ್ತಕ್ಕೆ ಚಕ್ರಗಳು ನಿಂತವು. ಮೀನುಗಳನ್ನೆಲ್ಲ ಒಂದು ಬದಿಗೆ ಅಟ್ಟಿ ಕೊಳದ ಮಧ್ಯಕ್ಕೆ ಅಡ್ಡಬಲೆ ಕಟ್ಟಿದರು. ಎಣಿಸದವು ಈಚೆ, ಎಣಿಸಿದವು ಆಚೆ. ಆರು ಜನ, ಅವರ ಜೊತೆ ಚಿಕ್ಕಪ್ಪ, ಎದೆಮಟ್ಟದ ನೀರಿನಲ್ಲಿ ಬಲೆ ಎಳೆಯುತ್ತಾ ಬಂದರು. ಬಲೆ ಮೂಲೆಗೆ ಬಂದಂತೆ ನೀರು ಕುದಿಯತೊಡಗಿತು. ಹಾರೆಯ ಹಾಗಿದ್ದ ಬೆನ್ನುಗಳು, ಬಡಿಯುವ ಬಾಲಗಳು. ಒದ್ದೆ ಬಟ್ಟೆಯ ಜೋಲಿಯಲ್ಲಿ ಒಂದೊಂದನ್ನೇ ಎತ್ತಿ ಆಚೆ ಬಿಡಬೇಕು. ಲೆಕ್ಕದಮ್ಮ ದಡದಲ್ಲಿ ನಿಂತು ಕೈಯಲ್ಲಿದ್ದ ಯಂತ್ರವನ್ನು ಒಂದೊಂದಕ್ಕೂ ಟಕ್ ಎಂದು ಒತ್ತಿದಳು. ಜೊತೆಗೆ ಹತ್ತಕ್ಕೊಂದು ಗೆರೆಯನ್ನೂ ಹಾಳೆಯ ಮೇಲೆ ಎಳೆದಳು. ಎರಡೂ ತಾಳೆಯಾಗಬೇಕು.

“ಗಂಡಸರನ್ನೂ ತಾಯಿ ಅಂತ ಕರೆಯೋದು ಇದೊಂದೇ ಕೊಳದಲ್ಲಿ ಮೇಡಂ,” ಮೇಸ್ತ್ರಿ ಜೋಲಿ ಎತ್ತುತ್ತಾ ಕೂಗಿದ. “ಇದು ಗಂಡು. ಬರ್ಕೊಳ್ಳಿ, ತಾಯಿ ಅಂತಲೇ.”

ಮೊದಲ ಎಳೆತಕ್ಕೆ ನೂರ ಎಪ್ಪತ್ತೊಂದು. ಎರಡನೆಯದಕ್ಕೆ ಮೂವತ್ತೆಂಟು. ಕೂಡಿದರೆ ಇನ್ನೂರ ಒಂಬತ್ತು.

ಗಂಟೆ ಒಂದೂವರೆ. ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಆಚೆ ಬದಿಯಲ್ಲಿ ಎಣಿಸಿ ಬಿಟ್ಟ ಕೆಲವು ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಹಾಗೆ ಬಾಯಿ ತೆರೆಯುವುದು ಮೀನಿನ ಸ್ವಭಾವ ಎಂದುಕೊಂಡಳು ಅವಳು.

“ಮೂರು ಉಳಿದಿವೆ,” ಚಿಕ್ಕಪ್ಪ ನೀರಿನಿಂದಲೇ ಹೇಳಿದರು. “ಬಲೆಯ ಕೆಳಗೆ ನುಸುಳಿ ಕೆಸರಲ್ಲಿ ಮಲಗಿವೆ. ನಾನು ಹೇಳ್ತೀನಿ, ಬರ್ಕೊಳ್ಳಿ. ಇನ್ನು ಚಕ್ರ ಹಾಕೋಣ.”

“ನೋಡದೆ ಹೇಗೆ ಬರೆಯಲಿ?”

“ನಾನು ನೋಡಿದೀನಿ.”

“ನಾನು ನೋಡಿಲ್ಲ,” ಅಂದಳು ಲೆಕ್ಕದಮ್ಮ. ದನಿಯಲ್ಲಿ ಕೋಪವಿರಲಿಲ್ಲ. ಇಂಥ ಮಾತನ್ನು ಅವಳು ನೂರು ಸಲ ಆಡಿದ್ದಳು.

ಮೂರನೆಯ ಎಳೆತಕ್ಕೆ ಬಲೆಯ ಅಡಿಗೆ ಸರಪಳಿ ಕಟ್ಟಿದರು, ತಳ ಕೆರೆಯಲೆಂದು. ಕೊಳದ ಹೊಟ್ಟೆಯೇ ಮಗುಚಿ ಬಂದಂತೆ ಕಪ್ಪು ಕೆಸರು ಎದ್ದಿತು, ಕೊಳೆತ ನಾತ ದಡಕ್ಕೆ ಅಡರಿತು. ಬಲೆಯಲ್ಲಿ ಮೂರು ಮೀನಿದ್ದವು. ಟಕ್, ಟಕ್, ಟಕ್. ಯಂತ್ರದ ಕಿಂಡಿಯಲ್ಲಿ 212.

ಅವಳಿಗೆ ಒಂದು ಕ್ಷಣ ಮುಖಭಂಗವಾದಂತಾಯಿತು. ನಿಜ ಹೇಳಬೇಕೆಂದರೆ ಕಮ್ಮಿ ಬರುತ್ತದೆ ಎಂದೇ ಅವಳು ನೆಚ್ಚಿದ್ದಳು. ಆದರೆ ಸರಿ ಇದ್ದದ್ದನ್ನು ಸರಿ ಎಂದು ಬರೆಯುವುದೂ ಅವಳ ಕೆಲಸವೇ. ಸಹಿ ಹಾಕಿದಳು, ಯಜಮಾನಿಯಿಂದಲೂ ಹಾಕಿಸಿದಳು. ಎರಡೂವರೆಗೆ ಚಕ್ರಗಳು ಮತ್ತೆ ತಿರುಗಿದವು. ಅವಳು ಹದಿನಾಲ್ಕು ಕಿಲೋಮೀಟರು ದೂರದ ಪಟ್ಟಣದ ವಸತಿಗೃಹಕ್ಕೆ ಹೋಗಿ, ಸ್ನಾನ ಮಾಡಿ, ಕೂದಲಿನ ಕೆಸರಿನ ವಾಸನೆ ಹೋಗಲಿಲ್ಲವೆಂದು ಇನ್ನೊಮ್ಮೆ ಸ್ನಾನ ಮಾಡಿ ಮಲಗಿದಳು.

ಬೆಳಗ್ಗೆ ಆರಕ್ಕೆ ಫೋನು. ಯಜಮಾನಿಯ ದನಿ. “ಬನ್ನಿ,” ಅಂದರು. “ಬಂದು ನೋಡಿ.” ಅಷ್ಟೇ.

ಆರು ನಲವತ್ತಕ್ಕೆ ಗೇಟು ದಾಟಿದಾಗ ಕೊಳದ ಮೇಲೆ ಯಾರೋ ಬಿಳಿಯ ತಟ್ಟೆಗಳನ್ನು ತೇಲಿಬಿಟ್ಟಿದ್ದಾರೆ ಅನ್ನಿಸಿತು ಅವಳಿಗೆ. ಇನ್ನು ಹತ್ತು ಹೆಜ್ಜೆ ಹೋದಳು. ತಟ್ಟೆಗಳಲ್ಲ, ಹೊಟ್ಟೆಗಳು. ಅಂಗಾತ ಮಗುಚಿದ ಮೀನುಗಳು ಕೊಳದ ತುಂಬ, ಒಂದಕ್ಕೊಂದು ತಾಕುತ್ತಾ, ಚಕ್ರಗಳು ಎಬ್ಬಿಸಿದ ಅಲೆಗೆ ಏರಿ ಇಳಿಯುತ್ತಾ ಇದ್ದವು. ಚಕ್ರಗಳು ಎರಡೂ ತಿರುಗುತ್ತಲೇ ಇದ್ದವು. ಹೊರಗಿನಿಂದ ತಂದ ಪಂಪೊಂದು ಕೊಳವೆಬಾವಿಯ ನೀರನ್ನು ಸುರಿಯುತ್ತಲೇ ಇತ್ತು. ಕೈಯಲ್ಲಿದ್ದ ಚೀಲ ಯಾವಾಗ ಜಾರಿ ಬಿತ್ತೋ ತಿಳಿಯಲಿಲ್ಲ.

ಬಲೆಯವರು ಸೊಂಟಮಟ್ಟದ ನೀರಿನಲ್ಲಿ ನಿಂತು ಸತ್ತವನ್ನು ದಡಕ್ಕೆ ತಳ್ಳುತ್ತಿದ್ದರು. ಟಾರ್ಪಾಲಿನ ಮೇಲೆ ಮೀನುಗಳನ್ನು ಸಾಲಾಗಿ ಮಲಗಿಸಿದ್ದರು. ಒಂದರ ಹೊಟ್ಟೆ ಕಲ್ಲಿಗೆ ತಾಗಿ ಬಿರಿದಿತ್ತು. ಸಾಸಿವೆ ಕಾಳಿನಷ್ಟು ಸಣ್ಣ ಹಳದಿ ಮೊಟ್ಟೆಗಳು ಟಾರ್ಪಾಲಿನ ಮಡಿಕೆಯಲ್ಲಿ ಹರಿದು ನಿಂತಿದ್ದವು. ಬೇರೆ ಲೆಕ್ಕ ಇಲ್ಲ ಎಂದು ಅವಳು ಬರೆದುಕೊಂಡ ಮೊಟ್ಟೆಗಳು.

ಚಿಕ್ಕಪ್ಪ ಕೊಳದ ಮೂಲೆಯಲ್ಲಿದ್ದರು. ಒಂದು ಮೀನಿನ ಹೊಟ್ಟೆಯ ಕೆಳಗೆ ಎರಡೂ ಕೈ ಕೊಟ್ಟು, ಅದನ್ನು ನೆಟ್ಟಗೆ ಹಿಡಿದು, ಮುಂದೆ ಹಿಂದೆ, ಮುಂದೆ ಹಿಂದೆ ತೂಗುತ್ತಿದ್ದರು.

“ಏನು ಮಾಡ್ತಿದ್ದಾರೆ?” ಕೇಳಿದಳು.

“ಉಸಿರು ಕೊಡ್ತಿದ್ದಾರೆ,” ಅಂದ ಮೇಸ್ತ್ರಿ. “ಕಿವಿರಿನ ಒಳಗೆ ನೀರು ಆಡಲಿ ಅಂತ. ಸರಿರಾತ್ರಿಯಿಂದ ಹೀಗೇ. ಒಂದು ಬಿಟ್ಟರೆ ಒಂದು. ನಿನ್ನೆ ಎದ್ದ ಕೆಸರು ನೀರಿನ ಗಾಳಿಯನ್ನೆಲ್ಲ ನುಂಗಿಬಿಡ್ತು. ಮೊದಲೇ ಬಿಸಿನೀರಲ್ಲಿ ಗಾಳಿ ಕಮ್ಮಿ, ಮೇಲೆ ಬಸುರಿ ಮೀನು, ಅದನ್ನ ಜೋಲಿಯಲ್ಲಿ ಎತ್ತಿ ಇಳಿಸಿ...” ಅವನು ಇನ್ನೊಂದು ಮೀನನ್ನು ದಡಕ್ಕೆ ತಳ್ಳಿದ.

“ಸಾಯತ್ತೆ ಅಂತ ಯಾಕೆ ಹೇಳಲಿಲ್ಲ?”

“ಹೇಳಿದ್ರಲ್ಲ ಮೇಡಂ. ನಿಮ್ಮೆದುರೇ.”

ಹೌದು. ಮೊಟ್ಟೆ ತುಂಬಿವೆ. ಬಿಸಿಲಿದೆ. ಚಕ್ರ ನಿಲ್ಲಿಸಬೇಕಾಗತ್ತೆ. ಮೂರೂ ಮಾತು ಈಗ ಒಂದರ ಹಿಂದೊಂದು ಕಿವಿಗೆ ಬಂದು ನಿಂತವು, ಸರಿಯಾಗಿ, ಕ್ರಮವಾಗಿ. ಅವಳು ಟಾರ್ಪಾಲಿನ ಅಂಚಿನಲ್ಲಿ ಕೂತಳು. ಆದರೂ ಅಭ್ಯಾಸ ಬಿಡಲಿಲ್ಲ. ಇನ್ನೊಂದು ಪ್ರಶ್ನೆ ಉಳಿದಿತ್ತು. “ಮೂರು ವರ್ಷವೂ ಇನ್ನೂರ ಹನ್ನೆರಡೇ ಹೇಗೆ?”

ಮೇಸ್ತ್ರಿ ಅವಳನ್ನು ಮಗುವನ್ನು ನೋಡುವಂತೆ ನೋಡಿದ. “ಈ ಕೊಳಕ್ಕೆ ಹಿಡಿಯೋದೇ ಅಷ್ಟು. ಒಂದು ಸತ್ತರೆ ಆಚೆ ಸಾಕುಕೊಳದಿಂದ ವಯಸ್ಸಿಗೆ ಬಂದ ಒಂದನ್ನ ತಂದು ಇಲ್ಲಿಗೆ ಏರಿಸ್ತಾರೆ. ದೊಡ್ಡ ಯಜಮಾನರು ಇದ್ದಾಗ ಹಾಕಿದ ಲೆಕ್ಕ. ಅಣ್ಣ ಹೇಳಿದ ಸಂಖ್ಯೆ ಅಂತ ಚಿಕ್ಕಪ್ಪ ಒಂದೂ ಹೆಚ್ಚು ಕಮ್ಮಿ ಮಾಡಿಲ್ಲ. ಸತ್ತಿದ್ದು, ಏರಿಸಿದ್ದು ಎಲ್ಲ ಸಾಕುಕೊಳದ ಮೇವಿನ ಪುಸ್ತಕದಲ್ಲಿದೆ. ಅದೂ ಅದೇ ಮೇಜಿನ ಮೇಲೆ ಇತ್ತಲ್ಲ?”

ಇತ್ತು. ಮೇವಿನ ಪುಸ್ತಕ ಎಂದು ಅವಳು ಅದನ್ನು ಪಕ್ಕಕ್ಕೆ ಸರಿಸಿದ್ದಳು. ಇಪ್ಪತ್ತು ನಿಮಿಷ ಕೂತು ಓದಿದ್ದರೆ ಅನುಮಾನಕ್ಕೂ ಆತುರಕ್ಕೂ ಕಾರಣವೇ ಇರುತ್ತಿರಲಿಲ್ಲ.

ಎಂಟು ಗಂಟೆಗೆ ಅವಳ ಸಂಸ್ಥೆಯ ಹಿರಿಯರ ಫೋನು ಬಂತು. ನಡೆದದ್ದನ್ನು ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು. ಹಿರಿಯರು ಮೊದಲು ಕೇಳಿದ್ದು ತಾರೀಕನ್ನು.

“ಎಣಿಕೆ ಕೊನೆಯ ದಿನದ್ದೇ ತಾನೆ? ಹಾಗಾದರೆ ಆ ಸಂಖ್ಯೆ ಹಾಗೇ ನಿಲ್ಲತ್ತೆ. ನಿನ್ನೆ ಬದುಕಿದ್ದವು. ವರ್ಷ ಮುಗಿದ ಮೇಲೆ ಸತ್ತದ್ದಕ್ಕೆ ಕೆಳಗೊಂದು ಟಿಪ್ಪಣಿ ಹಾಕಿದರಾಯ್ತು. ಅದಿರಲಿ, ಅಂಥ ಬಿಸಿಲಲ್ಲಿ ನಿನ್ನೆಯೇ ಯಾಕೆ ಎಣಿಸಿದೆ? ಇವತ್ತು ಬೆಳಗ್ಗೆ ಎಣಿಸಿ ಒಂದು ದಿನ ಹಿಂದಕ್ಕೆ ಲೆಕ್ಕ ಹಾಕಬಹುದಿತ್ತಲ್ಲಮ್ಮ. ಗೋದಾಮಿನಲ್ಲಿ ಎಷ್ಟು ಸಲ ಮಾಡಿಲ್ಲ ನೀನು?”

ಮಾಡಿದ್ದಳು. ನಿಯಮ ಗೊತ್ತಿತ್ತು. ರಾತ್ರಿಗೆ ಬಿಟ್ಟರೆ ಚಿಕ್ಕಪ್ಪ ಎಲ್ಲಿಂದಾದರೂ ಮೀನು ತಂದು ತುಂಬಿಸಿಯಾರು ಅಂತ ಅನುಮಾನ ಪಟ್ಟಿದ್ದಳು. ಆ ಮನುಷ್ಯ ರಾತ್ರಿಯಿಡೀ ಇಲ್ಲೇ ಇದ್ದದ್ದು ನಿಜ. ಕೊಳ ತುಂಬಿಸುವುದಕ್ಕಲ್ಲ ಅಷ್ಟೇ.

“ಕಂಪನಿಯವರು ಹನ್ನೆರಡರೊಳಗೆ ಉಳಿದದ್ದೆಷ್ಟು ಅಂತ ಕೇಳ್ತಿದ್ದಾರಂತೆ,” ಹಿರಿಯರು ಮುಂದುವರಿಸಿದರು. “ಇವತ್ತು ಇನ್ನೊಂದು ಸಲ ಎಣಿಸಿ ಕೊಟ್ಟುಬಿಡು. ‘ಎಣಿಸಲಾಗಲಿಲ್ಲ’ ಅಂತ ಮಾತ್ರ ಬರೀಬೇಡ. ವರದಿಗೆ ಕಪ್ಪುಚುಕ್ಕೆ ಬೀಳತ್ತೆ. ಅವರು ಕೊಳ್ಳಲ್ಲ, ಇವರು ನಮ್ಮನ್ನ ಬಿಡಲ್ಲ. ಸಾವಿಗೆ ಕಾರಣ ಆಮ್ಲಜನಕದ ಕೊರತೆ ಅಂತ ಹಾಕು. ಸುಳ್ಳಂತೂ ಅಲ್ಲ.”

ಒಂಬತ್ತು ಗಂಟೆಗೆ ದಡದ ಮೇಲೆ ನೂರ ಅರವತ್ತನಾಲ್ಕು ಮೀನುಗಳಿದ್ದವು. ಹತ್ತರ ಸಾಲು, ಕೊನೆಯದರಲ್ಲಿ ನಾಲ್ಕು. ಸತ್ತವನ್ನು ಎಣಿಸುವುದು ಎಷ್ಟು ಸಲೀಸು ಎಂದು ಅವಳಿಗೆ ಗಾಬರಿಯಾಯಿತು. ಬಾಲ ಬಡಿಯುವುದಿಲ್ಲ, ಬಲೆಯ ಕೆಳಗೆ ನುಸುಳುವುದಿಲ್ಲ. ಉಳಿದದ್ದು ನಲವತ್ತೆಂಟು ಅನ್ನಲು ಬರುವಂತಿರಲಿಲ್ಲ. ಸತ್ತ ಮೀನು ಕೆಲವು ಮೊದಲು ತಳಕ್ಕೆ ಮುಳುಗಿ, ಹೊಟ್ಟೆ ಉಬ್ಬಿದ ಮೇಲೆ ತೇಲುತ್ತವೆ. ನೀರಿನ ಒಳಗೆ ಬದುಕಿದ್ದು ಯಾವುದು, ಸತ್ತದ್ದು ಯಾವುದು, ಮೇಲಿಂದ ಕಾಣುವುದಿಲ್ಲ.

ಯಜಮಾನಿ ಕಚೇರಿಯಿಂದ ಇಳಿದು ಬಂದರು. ಕಣ್ಣು ಕೆಂಪಗಿತ್ತು, ಸೆರಗು ಸೊಂಟಕ್ಕೆ ಬಿಗಿದಿತ್ತು. ಅತ್ತಿದ್ದರೋ ಜಗಳಕ್ಕೆ ಸಿದ್ಧವಾಗಿದ್ದರೋ ಹೇಳಲಾಗದು. “ಕಂಪನಿಯವರಿಗೆ ಸಂಖ್ಯೆ ಬೇಕಂತೆ. ನಲವತ್ತಿದ್ದರೂ ತಗೋತಾರಂತೆ, ಆದ್ರೆ ಎಣಿಸಿರಬೇಕಂತೆ. ಮೇಸ್ತ್ರಿ, ಬಲೆ ಇಳಿಸಿ.”

ಮೇಸ್ತ್ರಿ ಅಲ್ಲಾಡಲಿಲ್ಲ.

“ಕೇಳಿಸಲಿಲ್ವಾ?”

ಅವನು ಚಿಕ್ಕಪ್ಪನ ಕಡೆ ನೋಡಿದ. ಚಿಕ್ಕಪ್ಪ ತಲೆ ಎತ್ತಲಿಲ್ಲ; ಕೈಯಲ್ಲಿದ್ದ ಮೀನನ್ನು ತೂಗುತ್ತಲೇ ಇದ್ದರು. ಮೇಸ್ತ್ರಿ ಒಣಹಾಕಿದ್ದ ಬಲೆಯ ಒಂದು ತುದಿ ಹಿಡಿದ. ಸಂಬಳದ ಆಳು, ಬೇಡ ಅನ್ನುವ ಹಕ್ಕು ಅವನಿಗೆ ಇರಲಿಲ್ಲ.

ಲೆಕ್ಕದಮ್ಮ ಎದ್ದು ಹೋಗಿ ಬಲೆಯ ಮೇಲೆ ಕಾಲಿಟ್ಟು ನಿಂತಳು.

“ಬೇಡ,” ಅಂದಳು.

“ಏನು ಬೇಡ?”

“ಎಣಿಸೋದು ಬೇಡ. ಈಗ ಬಲೆ ಇಳಿದರೆ ಇರೋವೂ ಇರಲ್ಲ.”

ಯಜಮಾನಿಗೆ ಸಿಟ್ಟು ನೆತ್ತಿಗೇರಿತು. “ನಿನ್ನೆ ಎಣಿಸಲೇಬೇಕು ಅಂದವರು ನೀವೇ. ಇವತ್ತು ಎಣಿಸಬಾರದು ಅನ್ನೋರೂ ನೀವೇ! ನಾನು ಏನು ಮಾಡಿ ಸಾಯಲಿ? ಮೀನೂ ಹೋಯ್ತು. ಈಗ ನೀವು ಕಾಗದ ಕೊಡದಿದ್ದರೆ ಮಾರಾಟವೂ ಹೋಗತ್ತೆ. ಊರು ಕೊಳ್ಳೆ ಹೊಡೆಸಿ ಈಗ ಕೋಟೆ ಬಾಗಿಲು ಹಾಕ್ತೀರಾ?”

“ಹೌದು,” ಅಂದಳು ಲೆಕ್ಕದಮ್ಮ. “ಆದರೆ ಕಾಗದ ಕೊಡ್ತೀನಿ. ಎಣಿಸಿಲ್ಲ ಅಂತಲೇ ಕೊಡ್ತೀನಿ.”

“ಅದನ್ನ ಯಾರು ಕೊಳ್ತಾರೆ?”

“ಕೊಳ್ಳಲ್ಲ ಅನ್ಸತ್ತೆ.”

ಯಜಮಾನಿ ಅವಳನ್ನು ದುರುಗುಟ್ಟಿ ನೋಡಿದರು. ಆಮೇಲೆ ನಾಲ್ಕು ವರ್ಷದಲ್ಲಿ ಮೊದಲ ಸಲ ಎಂಬಂತೆ ನೇರ ಮೈದುನನ ಕಡೆ ತಿರುಗಿ, ದಡದ ಅಂಚಿಗೆ ಬಂದು ಕೇಳಿದರು, “ನೀವು ಹೇಳಿ. ಎಷ್ಟು ಉಳಿದಿವೆ? ನಿಮಗೆ ಗೊತ್ತಿರತ್ತೆ.”

ಎಲ್ಲರೂ ನೀರಿನ ಕಡೆ ನೋಡಿದರು. ಕೆಸರಿನಲ್ಲಿ ಮಲಗಿದ್ದ ಮೂರನ್ನು ಬೇರೆ ಯಾರ ಕಣ್ಣಿಗೂ ಕಾಣದಿದ್ದಾಗ ಹೇಳಿದ್ದ ಮನುಷ್ಯ. ಚಿಕ್ಕಪ್ಪ ಕೈಯಲ್ಲಿದ್ದ ಮೀನನ್ನು ಮೆಲ್ಲಗೆ ಬಿಟ್ಟರು. ಅದು ಒಂದು ಮಾರು ಹೋಗಿ, ಪಕ್ಕಕ್ಕೆ ವಾಲಿ, ಮತ್ತೆ ನೆಟ್ಟಗಾಗಿ ಕೆಳಗಿಳಿಯಿತು. ಅವರು ಕೊಳವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು, ಮತ್ತೆ ಆ ತುದಿಯಿಂದ ಈ ತುದಿಗೆ.

“ಗೊತ್ತಿಲ್ಲ ಅತ್ತಿಗೆ,” ಅಂದರು.

ಯಜಮಾನಿ ಬಾಯಿಗೆ ಸೆರಗು ಒತ್ತಿಕೊಂಡು ಅಲ್ಲೇ ಕೂತುಬಿಟ್ಟರು. ಮೇಸ್ತ್ರಿ ಬಲೆಯ ತುದಿಯನ್ನು ಕೆಳಗೆ ಹಾಕಿದ. ಲೆಕ್ಕದಮ್ಮನಿಗೆ ಆ ಬೆಳಗ್ಗೆ ಕಂಡದ್ದೆಲ್ಲದಕ್ಕಿಂತ ಆ ಒಂದು ಮಾತು ಬಲವಾಗಿ ಬಡಿಯಿತು. ಈ ಜಾಗದಲ್ಲಿ ಅಷ್ಟು ವರ್ಷ ಒಬ್ಬ ಮನುಷ್ಯನ ತಲೆಯಲ್ಲಿ, ಪ್ರತಿ ದಿನ, ಯಂತ್ರವಿಲ್ಲದೆ, ಬಲೆಯಿಲ್ಲದೆ ಒಂದು ಸರಿಯಾದ ಸಂಖ್ಯೆ ಇತ್ತು. ಅದು ಯಾವ ಪಟ್ಟಿಯಲ್ಲೂ ಆಸ್ತಿಯಾಗಿ ಬರುವುದಿಲ್ಲ. ನಿನ್ನೆ ಮಧ್ಯಾಹ್ನದವರೆಗೆ ಇತ್ತು, ಈಗ ಇಲ್ಲ.

ಅವಳು ಚೀಲದಿಂದ ಹಾಳೆ ತೆಗೆದು, ತೊಡೆಯ ಮೇಲಿಟ್ಟುಕೊಂಡು ಬರೆದಳು. ಬರೆದು ದಡದ ಅಂಚಿಗೆ ಹೋದಳು. ಸರಕಿನ ಉಸ್ತುವಾರಿ ಹೊತ್ತವರ ಸಹಿಯೂ ಬೇಕಿತ್ತು. “ಓದ್ತೀನಿ, ಕೇಳಿ,” ಅಂದಳು ಚಿಕ್ಕಪ್ಪನಿಗೆ.

“ಎಣಿಕೆಯ ಮರುದಿನ ಬೆಳಗ್ಗೆ ಒಂಬತ್ತರ ಹೊತ್ತಿಗೆ ನೂರ ಅರವತ್ತನಾಲ್ಕು ತಾಯಿಮೀನು ಸತ್ತಿದ್ದವು. ಉಳಿದವು ಎಷ್ಟು: ಎಣಿಸಿಲ್ಲ, ಎಣಿಸಬಾರದು. ಸಾವಿಗೆ ಕಾರಣ: 

ಹಿಂದಿನ ದಿನದ ಎಣಿಕೆ.”

ಚಿಕ್ಕಪ್ಪ ಕೇಳಿಸಿಕೊಂಡರು. ಅವರ ತುಟಿ ಒಡೆದಿತ್ತು, ಬೆರಳ ತುದಿಗಳು ರಾತ್ರಿಯ ನೀರಿಗೆ ಬೆಳ್ಳಗೆ ಸುಕ್ಕಾಗಿದ್ದವು.

“ಯಾರ ಎಣಿಕೆ?” ಕೇಳಿದರು.

ಅವಳು ಅವರ ಮುಖ ನೋಡಿದಳು. ಅಲ್ಲಿ ಕೋಪ ಇರಲಿಲ್ಲ. ಅವಳ ಹಾಗೆಯೇ ಅವರಿಗೂ ಅರ್ಧಮರ್ಧ ಬರೆದದ್ದು ಒಗ್ಗುತ್ತಿರಲಿಲ್ಲ, ಅಷ್ಟೇ.

“ಬರೀರಿ ಅದನ್ನೂ,” ಅಂದರು.

ಅವಳು ಕಾರಣದ ಸಾಲಿನ ಮುಂದೆ ತನ್ನ ಹೆಸರನ್ನು ಬರೆದಳು, ಪೂರ್ತಿಯಾಗಿ, ತಂದೆಯ ಹೆಸರಿನ ಸಮೇತ. ಅದರ ಪಕ್ಕದಲ್ಲಿ ‘ಬೇಡವೆಂದು ಹೇಳಿದರೂ’ ಎಂದು ಸೇರಿಸಿದಳು. ಹಾಳೆ, ಪೆನ್ನು ಎರಡನ್ನೂ ಚಾಚಿದಳು.

ಚಿಕ್ಕಪ್ಪ ಕೈ ಚಾಚಲಿಲ್ಲ. ಕೊಳದ ನಡುವೆ ಒಂದು ಬಾಯಿ ನೀರಿನಿಂದ ಮೇಲಕ್ಕೆದ್ದು ತೆರೆದು, ಮುಚ್ಚಿ, ತೆರೆಯುತ್ತಿತ್ತು. ಅವರು ಅದರ ಕಡೆಗೆ, ನೀರು ಕದಡದಂತೆ ಒಂದೊಂದೇ ಹೆಜ್ಜೆ ಇಡುತ್ತಾ ನಡೆದರು.